ಮನೆಯೊಳಗಿನದನ್ನು ಬರೆಯುವ ಬಗೆ: ತಾಯ್ತನ, ದಾಂಪತ್ಯ, ಸಂಸಾರಗಳ ಕುರಿತು ಬರೆಯಹೊರಟವರಿಗೆ

ಮುಂಬಯಿಯ ಕನ್ನಡ ಸಂಘಗಳಲ್ಲಿ ಕಾರ್ಯಕ್ರಮ ಮುಗಿದು ಚಹಾ ಕುಡಿಯುತ್ತ ನಿಂತಿರುವಾಗ ಹೆಂಗಸರು ಹತ್ತಿರ ಬಂದು ನನ್ನಲ್ಲಿ ಹೇಳಿಕೊಳ್ಳುವ ಮಾತು ಹೆಚ್ಚುಕಡಿಮೆ ಒಂದೇ. ತಮಗೂ ಬರೆಯುವ ಆಸೆಯಿದೆ, ಶಾಲೆಯಲ್ಲಿದ್ದಾಗ ಪ್ರಬಂಧಕ್ಕೆ ಬಹುಮಾನವೂ ಬಂದಿತ್ತು, ಆದರೆ ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಗಂಡ, ಮಕ್ಕಳು, ಅತ್ತೆ, ಅಡುಗೆ ಬಿಟ್ಟು ಬೇರೇನನ್ನೂ ಕಂಡವರಲ್ಲ. ಅದನ್ನೆಲ್ಲ ಬರೆದರೆ ಯಾರು ಓದುತ್ತಾರೆ ಎಂದು ಕೇಳುತ್ತಾರೆ. ಓದುವವರಿದ್ದಾರೆ ಎಂಬುದನ್ನು ನಾನು ಅನುಭವದಿಂದ ಹೇಳಬಲ್ಲೆ. ತೊಡಕಿರುವುದು ವಿಷಯದಲ್ಲಲ್ಲ. ಪ್ರವಾಸದ ಬಗ್ಗೆ ಬರೆದರೆ ನಾವು ಬರೆದ ಜನ ರಾತ್ರಿ ನಮ್ಮ ಪಕ್ಕದಲ್ಲಿ ಊಟಕ್ಕೆ ಕೂರುವುದಿಲ್ಲ. ಮನೆಯ ಬಗ್ಗೆ ಬರೆದರೆ ಕೂರುತ್ತಾರೆ. ಆ ಸಂಕೋಚದಿಂದಲೇ ನಮ್ಮ ಬರಹ ಒಂದೋ ಪಾಯಸದಂತೆ ಸಿಹಿಯಾಗುತ್ತದೆ, ಇಲ್ಲವೇ ಸಿಟ್ಟಿನ ಭರದಲ್ಲಿ ಒಂದೇ ಪಕ್ಷದ ವಕಾಲತ್ತಾಗುತ್ತದೆ. ಇವೆರಡರ ನಡುವೆ ದಾರಿ ಹಿಡಿಯುವುದನ್ನು ನಾನು ಡೊಂಬಿವಲಿಯ ಎರಡು ಕೋಣೆಗಳ ಮನೆಯಲ್ಲಿ ಕಲಿತ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಗೋಡೆಯ ಕ್ಯಾಲೆಂಡರಿನಿಂದ ಆರಂಭಿಸಿ

ಸಂಸಾರದ ಬಗ್ಗೆ ಬರೆಯುವವರು ನೆನಪನ್ನೇ ನಂಬಿ ಕೂರಬಾರದು. ನೆನಪು ನಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತದೆ. ನಮ್ಮ ಮನೆಗಳಲ್ಲಿ ಅದಕ್ಕಿಂತ ನಂಬಿಕೆಗೆ ಯೋಗ್ಯವಾದ ದಾಖಲೆಯೊಂದು ಅಡುಗೆಮನೆಯ ಗೋಡೆಯಲ್ಲೇ ತೂಗುತ್ತಿರುತ್ತದೆ. ಮುಂಬಯಿಯ ಬಹುತೇಕ ಮನೆಗಳಂತೆ ನಮ್ಮಲ್ಲೂ ಕಾಲನಿರ್ಣಯ ಕ್ಯಾಲೆಂಡರ್ ಇದೆ. ಕನ್ನಡದಲ್ಲಿಯೂ ಅದು ದೊರೆಯುತ್ತದಾದರೂ ಅತ್ತೆಯವರಿಗೆ ರೂಢಿಯಾದ ಮರಾಠಿಯದೇ ಪ್ರತಿವರ್ಷ ಬರುತ್ತದೆ. ಅದರ ಚೌಕಗಳಲ್ಲಿ ಹಾಲಿನವನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಮನೆಗೆಲಸದ ಬಾಯಿ ಬಾರದ ದಿನದ ಖಾಡಾ, ಮಗಳ ಲಸಿಕೆ, ಶಾಲೆಯ ಫೀಸು, ಊರಿನಿಂದ ಯಾರು ಬಂದರು ಮತ್ತು ಯಾವಾಗ ಹಿಂತಿರುಗಿದರು ಎಂಬುದೆಲ್ಲ ಮೂವರ ಕೈಬರಹದಲ್ಲಿ ತುಂಬಿಕೊಂಡಿರುತ್ತದೆ. ಜನವರಿ ಬಂದ ಕೂಡಲೇ ಹಳೆಯದನ್ನು ರದ್ದಿಗೆ ಹಾಕುವುದು ಎಲ್ಲರ ಪದ್ಧತಿ. ದಯವಿಟ್ಟು ಹಾಕಬೇಡಿ. ಸುರುಳಿ ಸುತ್ತಿ, ಮೇಲೆ ವರ್ಷ ಬರೆದು, ಕಪಾಟಿನ ಮೇಲೆ ಇಡಿ.

ಇದರ ಉಪಯೋಗ ನನಗೆ ತಿಳಿದದ್ದು ಒಂದು ವಾದದಲ್ಲಿ. 2009ರಲ್ಲಿ ಮಗಳು ಜ್ವರದಿಂದ ಆರು ದಿನ ಆಸ್ಪತ್ರೆಯಲ್ಲಿದ್ದಳು. ಆ ಆರು ದಿನ ನಾನೊಬ್ಬಳೇ ಅವಳ ಮಂಚದ ಪಕ್ಕದಲ್ಲಿದ್ದೆ, ಇವರು ಒಂದು ದಿನವೂ ರಜೆ ಹಾಕಲಿಲ್ಲ ಎಂದು ನಾನು ಬರೆದಿದ್ದೆ. ಇವರು ಓದಿ, ತಾವು ಎರಡು ದಿನ ರಜೆ ಹಾಕಿದ್ದು ಚೆನ್ನಾಗಿ ನೆನಪಿದೆ ಎಂದರು. ಸುಳ್ಳು ಹೇಳುವವರಲ್ಲ, ಹಾಗೆಂದೇ ನಂಬಿದ್ದರು. ಹಳೆಯ ಕ್ಯಾಲೆಂಡರ್ ಬಿಡಿಸಿದೆವು. ತಮ್ಮ ರಜೆಯ ದಿನಗಳನ್ನು ಕೆಂಪು ಶಾಯಿಯಲ್ಲಿ ಸಿ.ಎಲ್. ಎಂದು ಗುರುತು ಹಾಕುವುದು ಇವರ ಅಭ್ಯಾಸ. ಆ ವಾರದ ಚೌಕಗಳಲ್ಲಿ ನನ್ನ ನೀಲಿ ಅಕ್ಷರದ ಔಷಧಿ ಲೆಕ್ಕ ಇತ್ತು, ಕೆಂಪು ಎಲ್ಲಿಯೂ ಇರಲಿಲ್ಲ. ಇವರು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತು, ಆಮೇಲೆ "ಬರೆ" ಎಂದರು. ನಾನು ಬರೆದೆ, ಒಂದು ವಿಶೇಷಣವನ್ನೂ ಸೇರಿಸದೆ. ಆ ಚೌಕಗಳೇ ಹೇಳಬೇಕಾದದ್ದನ್ನು ಹೇಳುತ್ತಿದ್ದವು.

ಕ್ಯಾಲೆಂಡರಿನ ಜೊತೆಗೆ ಮಗುವಿನ ಲಸಿಕೆಯ ಕಾರ್ಡು, ಊರಿನಿಂದ ಬಂದ ಇನ್‌ಲ್ಯಾಂಡ್ ಪತ್ರಗಳು, ರೇಷನ್ ಕಾರ್ಡಿನ ಹಳೆಯ ಪ್ರತಿ ಇವನ್ನೂ ಒಂದು ಕಡೆ ಇಟ್ಟುಕೊಳ್ಳಿ. ಯಾವ ವರ್ಷ ಯಾರ ಹೆಸರು ಮನೆಗೆ ಸೇರಿತು, ಯಾರದು ಹೋಯಿತು ಎಂಬುದು ರೇಷನ್ ಕಾರ್ಡಿನಲ್ಲಿ ಎಷ್ಟು ನಿಚ್ಚಳವಾಗಿದೆ ಎಂಬುದನ್ನು ಒಮ್ಮೆ ತೆರೆದು ನೋಡಿದರೆ ತಿಳಿಯುತ್ತದೆ.

ಹೊತ್ತು

ಬರೆಯಲು ಹೊತ್ತಿಲ್ಲ ಎನ್ನುವುದು ನೆಪವಲ್ಲ, ನಿಜ. ಆದುದರಿಂದ ಎರಡು ಗಂಟೆಯ ಬಿಡುವು ಸಿಕ್ಕಮೇಲೆ ಬರೆಯೋಣವೆಂದು ಕಾಯುವುದನ್ನು ಬಿಡಬೇಕು. ನಮ್ಮ ಕಟ್ಟಡದಲ್ಲಿ ಬೆಳಗಿನ ಐದೂವರೆಗೆ ನೀರು ಬರುತ್ತದೆ. ಪಿಂಪು ತುಂಬುವವರೆಗೆ ನಲ್ಲಿಯ ಬಳಿಯಿಂದ ಏಳುವಂತಿಲ್ಲ, ಬೇರೆ ಕೆಲಸ ಹಿಡಿಯುವಂತೆಯೂ ಇಲ್ಲ. ಆ ಹದಿನೈದು ನಿಮಿಷ ನನ್ನದು. ಬಚ್ಚಲ ಮೊರಿಯ ಕಟ್ಟೆಯ ಮೇಲೆ ಕುಳಿತು ನೂರು ಪುಟದ ಶಾಲಾ ನೋಟ್‌ಬುಕ್ಕಿನಲ್ಲಿ ನಿನ್ನೆಯ ದಿನದ ಐದು ಸಾಲು ಬರೆಯುತ್ತೇನೆ. ಭಾವನೆಗಳನ್ನಲ್ಲ, ಯಾರು ಬಂದರು, ಏನು ಬೇಯಿಸಿದೆ, ಯಾರು ಏನೆಂದರು, ಅವರ ಬಾಯಿಂದ ಬಂದ ಮಾತಿನಲ್ಲೇ. "ಬಸಳೆ ಸಾಂಬಾರು. ಅತ್ತೆಯವರು ಅರ್ಧ ತುತ್ತಿಗೆ ಎದ್ದರು. ಕೇಳಿದರೆ ಹಲ್ಲು ಎಂದರು" ಎಂಬಷ್ಟು ಸಾಕು. ಮನಸ್ಸಿಗೆ ನೋವಾಯಿತು ಎಂದು ಬರೆದಿಟ್ಟರೆ ಆರು ತಿಂಗಳ ನಂತರ ಅದು ಯಾವ ನೋವೆಂದು ನಮಗೇ ತಿಳಿಯುವುದಿಲ್ಲ. ಅರ್ಧ ತುತ್ತಿಗೆ ಎದ್ದದ್ದನ್ನು ಓದಿದರೆ ಆ ರಾತ್ರಿ ಪೂರ್ತಿ ಮರಳಿ ಬರುತ್ತದೆ.

ಕೆಲಸಕ್ಕೆ ಹೋಗುವವರಿಗೆ ಲೋಕಲ್ ರೈಲಿನ ಲೇಡೀಸ್ ಡಬ್ಬಿ ಇದೆ. ದಾದರಿನ ಕಚೇರಿಗೆ ಹೋಗುತ್ತಿದ್ದ ವರ್ಷಗಳಲ್ಲಿ ಕುಳಿತುಕೊಳ್ಳಲು ಜಾಗ ಸಿಕ್ಕ ದಿನ ಅಲ್ಲೇ ಬರೆದಿದ್ದೇನೆ, ಪಕ್ಕದವರು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಮೊಬೈಲಿನಲ್ಲಿ ಮಾತನಾಡಿ ಕನ್ನಡ ಅಕ್ಷರ ಮೂಡಿಸುವ ಸೌಲಭ್ಯ ಈಗ ಇದೆ, ಅಡುಗೆ ಮಾಡುತ್ತ ಬರೆಯುವವರಿಗೆ ಅದು ಅನುಕೂಲ. ಆದರೆ ಸಂಸಾರದ ವಿಷಯವನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳಿ ಬರೆಸುವುದು ಸಾಧ್ಯವಿಲ್ಲವಾದ್ದರಿಂದ ನಾನು ನೋಟ್‌ಬುಕ್ಕನ್ನೇ ನೆಚ್ಚಿಕೊಂಡಿದ್ದೇನೆ.

ಬಾಣಂತನವನ್ನು ಬರೆಯುವಾಗ

ತಾಯ್ತನದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕೈ ಹಾಕುವುದು ಇಲ್ಲಿಗೆ, ಎಡವುವುದೂ ಇಲ್ಲಿಯೇ. ಎಡವಲು ಕಾರಣವಿದೆ. ಆ ದಿನಗಳಲ್ಲಿ ನಿದ್ದೆಯಿರುವುದಿಲ್ಲ, ಮೈ ನೋಯುತ್ತಿರುತ್ತದೆ, ಹಗಲು ರಾತ್ರಿಗಳ ಗಡಿ ಅಳಿಸಿಹೋಗಿರುತ್ತದೆ. ಆಗ ಕಂಡದ್ದು ಅನಂತರ ಹೇಗೆ ಹೇಗೋ ಜೋಡಣೆಯಾಗುತ್ತದೆ.

ನನ್ನ ಮಗಳು ಹುಟ್ಟಿದ್ದು 2004ರ ಅಕ್ಟೋಬರಿನಲ್ಲಿ. ಮಳೆ ಹಿಂದೆ ಸರಿದ ಮೇಲೆ ಚಳಿ ಬರುವ ಮುನ್ನ ಮುಂಬಯಿಯಲ್ಲಿ ಒಂದು ತಿಂಗಳು ಕುದಿಯುವ ಸೆಕೆಯಿರುತ್ತದೆ. ಅಕ್ಟೋಬರ್ ಹೀಟ್ ಎಂದು ಅದಕ್ಕೆ ಹೆಸರೇ ಬಿದ್ದಿದೆ. ಮೊದಲ ಹೆರಿಗೆಗೆ ತವರಿಗೆ ಹೋಗುವುದು ಕ್ರಮವಾದರೂ ಡಾಕ್ಟರು ಪ್ರಯಾಣ ಬೇಡವೆಂದದ್ದರಿಂದ ನನ್ನ ತಾಯಿ, ಆಯಿಯೇ ಕುಮಟೆಯಿಂದ ಮತ್ಸ್ಯಗಂಧಾ ಗಾಡಿ ಹತ್ತಿ ಬಂದಳು. ಕಿವಿಗೆ ಹತ್ತಿ, ತಲೆಗೆ ಬಿಗಿದ ಬಟ್ಟೆ, ಕುದಿಕುದಿ ನೀರಿನ ಸ್ನಾನ, ಲೋಬಾನದ ಹೊಗೆ, ಕಾಳುಮೆಣಸಿನ ಕಷಾಯ, ಬೇಕೆಂದಷ್ಟು ತಣ್ಣೀರು ಕುಡಿಯುವಂತಿಲ್ಲ. ಇವಿಷ್ಟರ ಮೇಲೆ ಫ್ಯಾನ್ ಹಾಕುವಂತಿರಲಿಲ್ಲ. ಮುಚ್ಚಿದ ಕಿಟಕಿಯ ಆ ಕೋಣೆಯಲ್ಲಿ ಕೂಸೂ ನಾನೂ ಬೆವರಿನಲ್ಲಿ ನೆನೆದು ಮಲಗಿರುತ್ತಿದ್ದೆವು. ಮೇಲೆ ಅಲುಗಾಡದೆ ನಿಂತ ಫ್ಯಾನಿನ ಮೂರು ರೆಕ್ಕೆಗಳ ಅಂಚಿನಲ್ಲಿ ಕಪ್ಪಗೆ ಕೂತಿದ್ದ ಧೂಳನ್ನು ನಾನು ಇವತ್ತಿಗೂ ಚಿತ್ರ ಬರೆದು ತೋರಿಸಬಲ್ಲೆ.

ಕೆಲವು ವರ್ಷಗಳ ನಂತರ ಇದನ್ನು ಬರೆದಾಗ ಫ್ಯಾನ್ ಆರಿಸಿದವರು ಅತ್ತೆಯವರು ಎಂದು ಬರೆದೆ. ಅದರಲ್ಲಿ ನನಗೆ ಲವಲೇಶ ಸಂಶಯವೂ ಇರಲಿಲ್ಲ. ಅವರ ಕೈ ಸ್ವಿಚ್ಚಿನ ಮೇಲಿದ್ದದ್ದು ಕಣ್ಣಿಗೆ ಕಟ್ಟಿದಂತಿತ್ತು. ಅಚ್ಚಿಗೆ ಕಳಿಸುವ ಮುನ್ನ, ಕದ್ದುಮುಚ್ಚಿ ಬರೆಯುವುದು ಸರಿಯಲ್ಲವೆಂದು ಧೈರ್ಯಮಾಡಿ ಅವರೆದುರು ಕುಳಿತು ಓದಿದೆ. ಅವರು ತೆಂಗಿನಕಾಯಿ ತುರಿಯುತ್ತಿದ್ದರು. ಪೂರ್ತಿ ಕೇಳಿದರು. ಸಿಟ್ಟು ಮಾಡಲಿಲ್ಲ. "ಫ್ಯಾನ್ ಬಂದ್ ಮಾಡಿದ್ದು ಆನಲ್ದೇ ತಂಗಿ, ನಿನ್ನ ಆಯಿ" ಎಂದಷ್ಟೇ ಹೇಳಿ ತುರಿಯುವುದನ್ನು ಮುಂದುವರಿಸಿದರು. ಕುಮಟೆಗೆ ಫೋನ್ ಮಾಡಿದೆ. ಆಯಿ ಹೌದೆಂದಳು, ಹಸಿ ಬಾಣಂತಿಗೆ ಗಾಳಿ ತಾಗಬಾರದೆಂದು ತಾನೇ ಹಟ ಹಿಡಿದದ್ದು, ಬೀಗಿತ್ತಿ ಪಾಪ ಒಂದೆರಡು ಸಲ ಹಾಕಲು ಬಂದವರು ತನ್ನ ಮುಖ ನೋಡಿ ಹಿಂದೆ ಸರಿದರು ಎಂದಳು. ನಾನು ಕಂಡ ಕೈ ಫ್ಯಾನ್ ಹಾಕಲು ಬಂದ ಕೈ.

ಈ ತಪ್ಪು ಬರೀ ಮರೆವಿನದಲ್ಲ ಎಂದು ನನಗನ್ನಿಸುತ್ತದೆ. ಹೆತ್ತ ತಾಯಿಯ ಮೇಲೆ ಬಂದ ಸಿಟ್ಟನ್ನು ಇಳಿಸಲು ಜಾಗವಿಲ್ಲದೆ ನಾನು ಅತ್ತೆಯವರ ಮೇಲೆ ಇಳಿಸಿದ್ದೆ, ಏಕೆಂದರೆ ಅತ್ತೆಯೆಂದರೆ ಓದುವವರೂ ಮರುಮಾತಿಲ್ಲದೆ ನಂಬುತ್ತಾರೆ. ಮನೆಯ ಬಗ್ಗೆ ಬರೆಯುವವರು ತಮ್ಮ ಕರಡಿನಲ್ಲಿ ಇಂಥ ಸುಲಭದ ಜಾಗಗಳನ್ನು ಹುಡುಕಬೇಕು: ಎಲ್ಲಿ ಓದುಗರು ತಕ್ಷಣ ತಲೆದೂಗುತ್ತಾರೋ ಅಲ್ಲಿ ಇನ್ನೊಮ್ಮೆ ವಿಚಾರಿಸಬೇಕು. ಹಿರಿಯರೆದುರು ಕರಡನ್ನು ಓದುವುದು ಅಪ್ಪಣೆ ಪಡೆಯಲೆಂದಲ್ಲ, ನಡೆದದ್ದನ್ನು ಸರಿಪಡಿಸಿಕೊಳ್ಳಲು. ಅವರು ಬೇಡವೆಂದರೂ ಬರೆಯುವ ಹಕ್ಕು ನಿಮಗಿದೆ. ಅವರು ತಪ್ಪೆಂದು ತೋರಿಸಿದ ಮೇಲೂ ಹಾಗೆಯೇ ಬಿಡುವ ಹಕ್ಕಿಲ್ಲ. ಅತ್ತೆಯವರದು ತಪ್ಪಿದ್ದಲ್ಲಿ, ಅಂಥವೂ ನಮ್ಮ ಮನೆಯಲ್ಲಿ ಇದ್ದವು, ಅಷ್ಟೇ ನೇರವಾಗಿ ಬರೆಯಿರಿ.

ಬಾಣಂತನದ ಬರಹದಲ್ಲಿ ಇನ್ನೊಂದು ಮಾತನ್ನು ಬಿಡಬಾರದು. ಮಗು ಹುಟ್ಟಿದ ಮೊದಲ ಎರಡು ವಾರಗಳಲ್ಲಿ ಕಾರಣವಿಲ್ಲದೆ ಅಳು ಬರುವುದು, ಸಿಡುಕುವುದು ಬಹಳಷ್ಟು ತಾಯಂದಿರಿಗೆ ಆಗುತ್ತದೆ ಮತ್ತು ತಾನಾಗಿ ತಗ್ಗುತ್ತದೆ. ಎರಡು ವಾರ ಕಳೆದರೂ ತಗ್ಗದಿದ್ದರೆ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದಿದ್ದರೆ, ಅಥವಾ ಯಾವಾಗಲೇ ಆಗಲಿ ಬದುಕೇ ಬೇಡವೆನಿಸಿದರೆ ಅದು ಕಾಯಿಲೆ, ಅದಕ್ಕೆ ಚಿಕಿತ್ಸೆಯಿದೆ. ಅಂಥ ಸ್ಥಿತಿಯಲ್ಲಿ ನೋಟ್‌ಬುಕ್ ಹಿಡಿಯುವುದಲ್ಲ, ಡಾಕ್ಟರನ್ನು ಕಾಣುವುದು ಮೊದಲ ಕೆಲಸ. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ದಿನದ 24 ಗಂಟೆಯೂ ಕರೆ ಮಾಡಬಹುದು. ಗುಣವಾದ ಮೇಲೆ ಅದನ್ನು ಬರೆಯಿರಿ, ಅವಶ್ಯ ಬರೆಯಿರಿ. ನಮ್ಮ ಅಜ್ಜಿಯರ ಕಾಲದಲ್ಲಿ ಅದನ್ನು ಸೋಕು, ಗಾಳಿ ಎಂದು ಕರೆದು ಬಾಯಿ ಮುಚ್ಚಿಸಿದರು. ಈಗಲೂ ಎಷ್ಟೋ ಫ್ಲ್ಯಾಟುಗಳಲ್ಲಿ ಕೊಬ್ಬು ಎಂಬ ಒಂದೇ ಪದದಲ್ಲಿ ಮುಗಿಸುತ್ತಾರೆ. ಓದಿದ ಒಬ್ಬಳಿಗಾದರೂ ತನ್ನದು ಕೊಬ್ಬಲ್ಲವೆಂದು ತಿಳಿದರೆ ನಿಮ್ಮ ಬರಹಕ್ಕೆ ಅದಕ್ಕಿಂತ ದೊಡ್ಡ ಕೆಲಸ ಬೇಕಿಲ್ಲ.

ಗಂಡಹೆಂಡಿರ ಜಗಳವನ್ನು ಬರೆಯುವುದು

ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ನಂಬಿ ಮರುದಿನವೇ ಜಗಳವನ್ನು ಬರೆಯಲು ಕೂರಬೇಡಿ. ಜಗಳ ಮುಗಿದರೂ ವಾದ ಮುಗಿದಿರುವುದಿಲ್ಲ. ನೋಟ್‌ಬುಕ್ಕಿನಲ್ಲಿ ಆಡಿದ ಮಾತುಗಳನ್ನು ಗುರುತು ಹಾಕಿಕೊಂಡು, ಕನಿಷ್ಠ ಒಂದು ಮಳೆಗಾಲ ಕಳೆಯಲು ಬಿಡಿ. ಬರೆಯಲು ಕುಳಿತಾಗ ಮೊದಲು ನೀವು ಆಡಿದ ಮಾತನ್ನು ಬರೆಯಿರಿ, ಅದರಲ್ಲೂ ನೀವು ಆಡಬಾರದಿತ್ತೆಂದು ನಿಮಗೆ ಗೊತ್ತಿರುವ ಮಾತನ್ನು. ಅವರ ಮಾತು ಆಮೇಲೆ ಬರಲಿ. ಈ ಕ್ರಮವನ್ನು ನಾನು ಹಿಡಿದದ್ದಕ್ಕೆ ಒಂದು ಕಾರಣವಿದೆ.

2005ರ ಜುಲೈ 26ರಂದು ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ದಾಖಲಾಯಿತು. ಲೋಕಲ್ ಗಾಡಿಗಳು ನಿಂತವು, ಫೋನುಗಳು ಸತ್ತವು. ಸಾಕಿನಾಕಾದ ಕಚೇರಿಯಲ್ಲಿದ್ದ ಇವರು ರಾತ್ರಿ ಬರಲಿಲ್ಲ. ಒಂಬತ್ತು ತಿಂಗಳ ಕೂಸು, ಅತ್ತೆಯವರು, ನಾನು, ಒಂದು ಮೇಣದಬತ್ತಿ. ಈ ರಾತ್ರಿಯ ಬಗ್ಗೆ ನಾನು ಎಷ್ಟೋ ಸಲ ಜನರಿಗೆ ಹೇಳಿದ್ದೆ, ಒಮ್ಮೆ ವೇದಿಕೆಯ ಮೇಲೂ ಹೇಳಿದ್ದೆ: ರಾತ್ರಿಯಿಡೀ ಕಿಟಕಿಯ ಸರಳು ಹಿಡಿದು ನಿಂತಿದ್ದೆ, ಮರುದಿನ ಇವರನ್ನು ಕಂಡಾಗ ಮಾತೇ ಹೊರಡಲಿಲ್ಲ ಎಂದು. ಬರೆಯುವಾಗ ಆ ವರ್ಷದ ನೋಟ್‌ಬುಕ್ ತೆಗೆದೆ. ಜುಲೈ 28ರ ಬೆಳಿಗ್ಗೆ ನನ್ನದೇ ಅಕ್ಷರದಲ್ಲಿ ಹೀಗಿತ್ತು: "ಮೊನ್ನೆ ರಾತ್ರಿ ಕೂಸಿನ ಜೊತೆ ನಿದ್ದೆ ಬಂತು. ಇವರು ನಿನ್ನೆ ಸಂಜೆ ಐದಕ್ಕೆ ಬಂದರು. ಮೊಣಕಾಲಿನವರೆಗೆ ಕೆಸರು. ಹಾಲಿನ ಪುಡಿ ತರಲಿಲ್ಲವಾ ಎಂದೆ."

ರೈಲುಹಳಿಯ ಮೇಲೆ ನಡೆದು, ಸಿಕ್ಕ ಟೆಂಪೊ ಹತ್ತಿ, ಮತ್ತೆ ನಡೆದು ಬಂದ ಮನುಷ್ಯನಿಗೆ ನಾನು ಆಡಿದ ಮೊದಲ ಮಾತು ಅದು. ಇವರು ಉತ್ತರ ಕೊಡದೆ, ಕಾಲು ತೊಳೆಯದೆ, ಅದೇ ಕೆಸರಿನಲ್ಲಿ ಹಿಂತಿರುಗಿ ಕೆಳಗಿಳಿದು ಹೋದರು. ಒಂದು ಗಂಟೆಯ ನಂತರ ಹಾಲಿನ ಪುಡಿಯಿಲ್ಲದೆ, ಎರಡು ಪೊಟ್ಟಣ ಗ್ಲೂಕೋಸ್ ಬಿಸ್ಕತ್ತು ಹಿಡಿದು ಬಂದರು. ಇವನ್ನು ನಾನು ಬರೆದೆ. ಕಿಟಕಿಯ ಸರಳು ಹಿಡಿದು ನಿಂತ ಹೆಂಡತಿಯ ಕತೆಗಿಂತ ಇದು ನಮ್ಮ ದಾಂಪತ್ಯದ ಬಗ್ಗೆ ಹೆಚ್ಚು ಹೇಳುತ್ತದೆ. ಮನೆಯಲ್ಲಿ ಹಾಲಿಲ್ಲದ ಕೂಸಿನ ತಾಯಿಗೆ ಆ ಸಂಜೆ ಗಂಡನಿಗಿಂತ ಡಬ್ಬಿ ಮುಖ್ಯವಾಗಿತ್ತು ಎಂಬುದನ್ನು ನಾಚಿಕೆಯಿಲ್ಲದೆ ಬರೆಯಲು ನನಗೆ ಹತ್ತು ವರ್ಷ ಹಿಡಿಯಿತು.

ನಿಮ್ಮ ನೆನಪಿನ ದಿನಗಳನ್ನು ಹೀಗೆ ಊರಿನ ದಿನಗಳಿಗೆ ಗಂಟು ಹಾಕಿ ನೋಡಿ. ಯಾವ ಮಳೆ, ಯಾವ ಬಂದ್, ಯಾವ ಗಣಪತಿ ಎಂದು ಹಿಡಿದರೆ ಮನೆಯೊಳಗಿನ ಘಟನೆಯ ತಾರೀಕೂ ಸಿಗುತ್ತದೆ, ಅದರ ಮುಂದಿನ ಹಿಂದಿನ ದಿನಗಳೂ ಎದ್ದು ಬರುತ್ತವೆ.

ಹೊಡೆತ, ಬೈಗುಳ, ಹಣ ಕಿತ್ತುಕೊಳ್ಳುವುದು ನಡೆಯುತ್ತಿರುವ ಮನೆಯಲ್ಲಿ ಇರುವವರಿಗೆ ನಾನು ಮೇಲೆ ಹೇಳಿದ ಯಾವುದೂ ಅನ್ವಯಿಸುವುದಿಲ್ಲ. ಅವರು ಕರಡನ್ನು ಓದಿ ಕೇಳಿಸಬೇಕಿಲ್ಲ, ನೋಟ್‌ಬುಕ್ಕನ್ನು ಮನೆಯಲ್ಲಿ ಇಡಲೂ ಬಾರದು. ನಂಬಿಕೆಯ ಗೆಳತಿಯ ಮನೆಯಲ್ಲಿಡಲಿ, ತಾರೀಕು ತಪ್ಪದೆ ಬರೆಯಲಿ; 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಡಿ ಸಂರಕ್ಷಣಾ ಅಧಿಕಾರಿಯ ಬಳಿಗೆ ಹೋಗುವ ದಿನ ಆ ತಾರೀಕುಗಳು ಅವರ ಕೈಯಲ್ಲಿರಬೇಕು.

ಮಕ್ಕಳದ್ದು ಮಕ್ಕಳದೇ

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಬೇಕು. ಮಗಳಿಗೆ ಹನ್ನೊಂದು ವರ್ಷವಾಗಿದ್ದಾಗ ಅವಳ ಒಂದು ಹೆದರಿಕೆಯ ಬಗ್ಗೆ ಪ್ರಬಂಧ ಬರೆದೆ. ಪ್ರೀತಿಯಿಂದಲೇ ಬರೆದಿದ್ದೆ. ಕನ್ನಡ ಓದಲು ಅವಳಿಗೆ ಬರುತ್ತಿರಲಿಲ್ಲ, ಶಾಲೆ ಇಂಗ್ಲಿಷಿನದು, ಆದ್ದರಿಂದ ಅವಳಿಗೆ ತಿಳಿಯುವುದೇ ಇಲ್ಲ ಎಂದುಕೊಂಡಿದ್ದೆ. ಅವಳ ತರಗತಿಯ ಹುಡುಗಿಯೊಬ್ಬಳ ಅಜ್ಜಿ ಕನ್ನಡದವರು; ಓದಿ ಮೆಚ್ಚಿ, ಮನೆಯಲ್ಲಿ ಹಿಂದಿಯಲ್ಲಿ ವಿವರಿಸಿ ಹೇಳಿದರು. ಸೋಮವಾರ ಅದು ತರಗತಿಗೆ ತಲಪಿತು. ಮಗಳು ಮನೆಗೆ ಬಂದು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, "ಆಯಿ, ಅದು ನಿನ್ನದಾಗಿತ್ತಾ?" ಎಂದು ಕೇಳಿದಳು. ಆ ಹೆದರಿಕೆ ಯಾವುದೆಂದು ನಾನು ಮತ್ತೆ ಎಲ್ಲಿಯೂ ಬರೆದಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಅಂದಿನಿಂದ ನಾನು ಪಾಲಿಸುವ ಪದ್ಧತಿ ಇದು. ಮಗುವಿನ ಕಾಯಿಲೆ, ಹೆದರಿಕೆ, ಅಂಕ, ಮೈಯ ಬೆಳವಣಿಗೆ, ಮೊದಲ ಪ್ರೀತಿ ಇವು ಅವರು ದೊಡ್ಡವರಾಗಿ ತಾವೇ ಹೇಳಬೇಕಾದವು. ತಾಯಿಗೆ ಉಳಿಯುವುದು ತನಗಾದದ್ದು: ಮಗು ಜ್ವರದಲ್ಲಿದ್ದಾಗ ತಾಯಿಯ ಕೈ ಏನು ಮಾಡುತ್ತಿತ್ತು, ಹಗಲು ಕೂಸುಗಳನ್ನು ನೋಡಿಕೊಳ್ಳುವ ಪಾಳಣಾಘರಿನ ಬಾಗಿಲಲ್ಲಿ ಬಿಟ್ಟು ತಿರುಗುವಾಗ ಅವಳು ಯಾವ ಗಾಡಿ ತಪ್ಪಿಸಿಕೊಂಡಳು, ಸಂಜೆ ಏಳರ ಮೇಲಾದರೆ ಅಲ್ಲಿಯ ಮಾವಶಿಗೆ ಹೆಚ್ಚಿಗೆ ಎಷ್ಟು ಕೊಡಬೇಕಿತ್ತು. ಇಷ್ಟರಲ್ಲಿಯೇ ಬರೆಯಲು ಒಂದು ಜನ್ಮಕ್ಕಾಗುವಷ್ಟಿದೆ. ಏಳೆಂಟು ವರ್ಷದ ಮಗುವಿಗೆ ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿ, ಬೇಡವೆಂದರೆ ಕಾರಣ ಕೇಳದೆ ತೆಗೆಯಿರಿ. ಹದಿನೆಂಟು ದಾಟಿದ ಮೇಲೆ ಅವರ ಕೈಗೇ ಕೊಡಿ. ಈ ಬರಹವನ್ನೂ ಮಗಳಿಗೆ ಕೊಟ್ಟಿದ್ದೆ. ಅವಳು ಹೊಡೆದುಹಾಕಿದ ಎರಡು ವಾಕ್ಯಗಳು ಇದರಲ್ಲಿಲ್ಲ.

ಯಾವ ಕನ್ನಡದಲ್ಲಿ

ನಮ್ಮ ಮುಂಬಯಿ ಮನೆಗಳಲ್ಲಿ ಒಂದೇ ಊಟದ ಹೊತ್ತಿಗೆ ಮೂರು ನುಡಿಗಳು ಓಡಾಡುತ್ತವೆ. ಕರಾವಳಿಯವರಾದರೆ ತುಳುವೋ ಕೊಂಕಣಿಯೋ ಸೇರಿ ನಾಲ್ಕು. ಬರೆಯುವಾಗ ಇವೆಲ್ಲವನ್ನೂ ತೊಳೆದು ಪುಸ್ತಕದ ಕನ್ನಡಕ್ಕೆ ತಂದರೆ ಮನೆ ಮಾಯವಾಗುತ್ತದೆ. ಪಾಳಣಾಘರ್, ಖಾಡಾ, ಕಚರಾ, ಭಾಜಿ, ಡಬ್ಬಾ ಇವನ್ನು ಹಾಗೆಯೇ ಬಿಡಿ. ವಾಕ್ಯವನ್ನು ಸರಿಯಾಗಿ ಕಟ್ಟಿದರೆ ಶಿವಮೊಗ್ಗದ ಓದುಗರಿಗೂ ಅರ್ಥವಾಗುತ್ತದೆ. ನಿರೂಪಣೆ ಶಿಷ್ಟ ಕನ್ನಡದಲ್ಲಿರಲಿ, ಮನೆಯವರ ಮಾತು ಅವರವರ ಬಾಯಿಯಲ್ಲಿ ಬಂದಂತೆ ಇರಲಿ. ನಮ್ಮ ಕಡೆಯಲ್ಲಿ ತಾಯಿಗೆ ಆಯಿ ಎನ್ನುತ್ತೇವೆ, ಮರಾಠಿಯಲ್ಲೂ ಅದೇ. ಮಗಳು ಆಯಿ ಎಂದು ಕೂಗಿದಾಗಲೆಲ್ಲ ಎದುರು ಮನೆಯವರು ಅವಳಿಗೆ ಮರಾಠಿ ಚೆನ್ನಾಗಿ ಹತ್ತಿತೆಂದು ಸಂತೋಷಪಡುತ್ತಿದ್ದರು, ಕುಮಟೆಯ ನೆಂಟರು ಮುಂಬಯಿಯಲ್ಲಿದ್ದರೂ ಊರಿನ ಮಾತು ಬಿಟ್ಟಿಲ್ಲವೆಂದು ಸಂತೋಷಪಡುತ್ತಿದ್ದರು. ಅಂಥ ಪದ ಸಿಕ್ಕರೆ ಅದನ್ನು ಅಮ್ಮ ಎಂದು ತಿದ್ದಬೇಡಿ.

ಕಳಿಸುವ ಮುನ್ನ

ಬರೆದದ್ದನ್ನು ಗಟ್ಟಿಯಾಗಿ ಓದಿ ಕೇಳಿಸಲು ಈ ನಗರದಲ್ಲಿ ಕನ್ನಡದ ಜಾಗಗಳಿಗೆ ಕೊರತೆಯಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಿಂದ ಇದೆ. ಮಾಹಿಮಿನಲ್ಲಿ ಕರ್ನಾಟಕ ಸಂಘವಿದೆ, ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ, ಇಲ್ಲಿಯ ಲೇಖಕಿಯರದೇ ಆದ ಸೃಜನಾ ಬಳಗವಿದೆ. ಮೊದಲ ಬರಹಕ್ಕೆ ಮುಂಬಯಿಯ ಸಂಘಗಳು ಹೊರತರುವ ಮಾಸಿಕಗಳು ಒಳ್ಳೆಯ ಮನೆ. ಓದುವವರು ನಿಮ್ಮ ಬೀದಿಯವರೇ ಆಗಿರುತ್ತಾರೆ. ಕಳಿಸುವಾಗ ಅಕ್ಷರ ಯೂನಿಕೋಡಿನಲ್ಲಿ ಬೇಕೋ ನುಡಿ ತಂತ್ರಾಂಶದಲ್ಲಿ ಬೇಕೋ ಎಂದು ಮೊದಲೇ ಕೇಳಿಕೊಳ್ಳಿ.

ಕಾನೂನಿನ ಎರಡು ಮೂರು ಸಂಗತಿಗಳು ತಿಳಿದಿರಬೇಕು. ಮಾನನಷ್ಟ ಈಗ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿದೆ. ಬರೆದದ್ದು ನಿಜ ಎಂಬುದಷ್ಟೇ ಅಲ್ಲಿ ಸಾಲದು, ಅದನ್ನು ಪ್ರಕಟಿಸಿದ್ದು ಸಾರ್ವಜನಿಕ ಹಿತಕ್ಕಾಗಿ ಎಂದೂ ತೋರಿಸಬೇಕಾಗುತ್ತದೆ. ತೀರಿಹೋದವರ ಬಗ್ಗೆ ಬರೆದರೂ ಅವರ ಮನೆಯವರಿಗೆ ನೋವು ಕೊಡುವ ಉದ್ದೇಶವಿದ್ದರೆ ಅದು ಮಾನನಷ್ಟವಾಗಬಹುದು. ನಾದಿನಿಯ ಹೆಸರನ್ನು ಬದಲಿಸಿ, ಅವಳ ಊರು, ಕೆಲಸ, ಮಕ್ಕಳ ಸಂಖ್ಯೆಗಳನ್ನು ಹಾಗೆಯೇ ಬಿಟ್ಟರೆ ಗುರುತು ಮರೆಸಿದಂತಾಗುವುದಿಲ್ಲ. ನಿಮಗೆ ಬಂದ ಪತ್ರದ ಕಾಗದ ನಿಮ್ಮದಾದರೂ ಅದರೊಳಗಿನ ಮಾತಿನ ಹಕ್ಕುಸ್ವಾಮ್ಯ ಬರೆದವರದು. ಆಯಿಯ ಪತ್ರವನ್ನು ಪೂರ್ತಿ ಅಚ್ಚು ಹಾಕುವ ಮುನ್ನ ಅವಳನ್ನು ಕೇಳಬೇಕು, ಅವಳಿಲ್ಲದಿದ್ದರೆ ಅವಳ ವಾರಸುದಾರರನ್ನು. ನಿಮ್ಮ ಬರಹದ ಹಕ್ಕು 1957ರ ಹಕ್ಕುಸ್ವಾಮ್ಯ ಕಾಯಿದೆಯಂತೆ ನಿಮ್ಮ ಜೀವಮಾನ ಮತ್ತು ಅದರ ಮುಂದಿನ 60 ವರ್ಷ. ಪುಸ್ತಕದ ಕರಾರಿಗೆ ಸಹಿ ಹಾಕುವಾಗ ಅವಧಿ ಬರೆದಿದೆಯೇ ನೋಡಿ. ಬರೆದಿಲ್ಲದಿದ್ದರೆ ಕಾನೂನು ಅದನ್ನು ಐದು ವರ್ಷವೆಂದು ಎಣಿಸುತ್ತದೆ. ಮನೆಯ ಗಂಡಸರಿಗೆ ಇದೆಲ್ಲ ಗೊತ್ತಿರುತ್ತದೆಂದು ಕಾಗದವನ್ನು ಅವರ ಕೈಗಿತ್ತು ಸುಮ್ಮನಾಗಬೇಡಿ. ನೀವೇ ಓದಿ.

ಬರಹ ಅಚ್ಚಾದ ಮೇಲೆ ಫೋನುಗಳು ಬರುತ್ತವೆ. ಮೀರಾ ರೋಡಿನಿಂದ, ನೆರುಲಿನಿಂದ, ಪರಿಚಯವಿಲ್ಲದ ಹೆಂಗಸರು ಕರೆ ಮಾಡಿ ನಿಮ್ಮ ಬರಹದ ಬಗ್ಗೆ ಎರಡು ಮಾತಾಡಿ, ಅನಂತರ ಮುಕ್ಕಾಲು ಗಂಟೆ ತಮ್ಮ ಮನೆಯ ಕತೆ ಹೇಳುತ್ತಾರೆ. ರೈಲಿನಲ್ಲಿ ಪಕ್ಕದಲ್ಲಿ ಕುಳಿತು ಹೇಳುತ್ತಾರೆ. ನಿಮ್ಮದಕ್ಕಿಂತ ಅದು ದೊಡ್ಡ ಕತೆಯಾಗಿರುತ್ತದೆ, ಕೈ ತುರಿಸುತ್ತದೆ. ಕೇಳಿ, ಪೂರ್ತಿ ಕೇಳಿ, ಆದರೆ ನೋಟ್‌ಬುಕ್ಕಿಗೆ ಇಳಿಸಬೇಡಿ. ಹೇಳಿ ಮುಗಿಸಿದ ಮೇಲೆ, ಇದನ್ನು ನೀವೇ ಬರೆಯಬಹುದಲ್ಲ ಎಂದು ಕೇಳಿ ನೋಡಿ. ನಾನು ಹಾಗೆ ಕೇಳಿದ್ದ ಒಬ್ಬರು ಮೂರು ತಿಂಗಳ ಮೇಲೆ ಶಾಲಾ ನೋಟ್‌ಬುಕ್ ಹಿಡಿದು ನಮ್ಮ ಮನೆಗೆ ಬಂದರು. ಅತ್ತೆಯವರು ಚಹಾಕ್ಕಿಟ್ಟರು, ನಾವಿಬ್ಬರೂ ಫ್ಯಾನಿನ ಕೆಳಗೆ ಕುಳಿತು ಮೊದಲ ಪುಟದಿಂದ ಓದಲು ತೊಡಗಿದೆವು.